ಆರ್‌ಸಿ ಕ್ಯಾಟಮರಾನ್ ದೋಣಿಯ ಹಲ್: ಆಯ್ಕೆ ಮತ್ತು ಬಲವರ್ಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವೇಗದ ರಿಮೋಟ್ ದೋಣಿ ಕಟ್ಟುವವರು ಎದುರಾದಾಗ, ಪತ್ರ ಬರೆದಾಗ, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಹಲ್ ಅಂದರೆ ದೋಣಿಯ ಒಡಲು. ಬ್ಯಾಟರಿ ಮತ್ತು ಬ್ರಶ್‌ಲೆಸ್ ಮೋಟರಿನಿಂದ ಓಡುವ, ಸುಮಾರು 60 ಸೆಂ.ಮೀ.ಯಿಂದ 1 ಮೀಟರ್ ಉದ್ದದ ದೋಣಿಗಳಿಗೆ ಮಾತ್ರ ಈ ಉತ್ತರಗಳು ಅನ್ವಯಿಸುತ್ತವೆ. ಹಾಯಿ ಕಟ್ಟಿದ ಕ್ಯಾಟಮರಾನ್‌ಗಳ ಲೆಕ್ಕಾಚಾರವೇ ಬೇರೆ.

## ಮೊದಲ ಪ್ರಶ್ನೆಗಳು

ಕ್ಯಾಟಮರಾನ್ ಅಂದರೆ ಎರಡು ದೋಣಿ ಜೋಡಿಸಿದ್ದು ತಾನೇ? ಅದರಿಂದ ವೇಗ ಹೇಗೆ ಹೆಚ್ಚುತ್ತದೆ?

ಎರಡು ದೋಣಿಗಳನ್ನು ಅಕ್ಕಪಕ್ಕ ಕಟ್ಟಿದಂತೆ ಕಂಡರೂ ಇದರ ಗುಟ್ಟು ಇರುವುದು ನಡುವಿನ ಖಾಲಿ ಜಾಗದಲ್ಲಿ. ನೀರನ್ನು ಮುಟ್ಟುವ ಎರಡು ಕಿರಿದಾದ ಭಾಗಗಳಿಗೆ ಸ್ಪಾನ್ಸನ್ ಎಂದೂ, ಅವುಗಳ ನಡುವಿನ ಓಣಿಗೆ ಟನಲ್ ಎಂದೂ ಹೆಸರು. ದೋಣಿ ವೇಗ ಹಿಡಿದಂತೆ ಮುಂದಿನಿಂದ ಟನಲ್ ಒಳಗೆ ನುಗ್ಗುವ ಗಾಳಿ, ಕೆಳಗಿನ ನೀರಿಗೂ ಮೇಲಿನ ಚಾವಣಿಗೂ ನಡುವೆ ಒತ್ತಿಕೊಂಡು ಇಡೀ ಒಡಲನ್ನು ಎತ್ತಿ ಹಿಡಿಯುತ್ತದೆ. ನೀರಿಗೆ ತಾಗುವ ಮೈ ಕಡಿಮೆಯಾಗಿ, ಅದೇ ಶಕ್ತಿಗೆ ಹೆಚ್ಚು ವೇಗ ದಕ್ಕುತ್ತದೆ. ನಿಧಾನಕ್ಕೆ ಓಡಿಸುವವರಿಗೆ ಈ ಲಾಭ ಸಿಗುವುದಿಲ್ಲ. ಮೂತಿ ಮಿತಿ ಮೀರಿ ಎದ್ದರೆ ಅದೇ ಗಾಳಿ ದೋಣಿಯನ್ನು ಹಿಂದಕ್ಕೆ ಮಗುಚಿ ಹಾಕುತ್ತದೆ ಎಂಬುದನ್ನೂ ನೆನಪಿಡಬೇಕು. ಕೆಳಗಿನ ಕೆಲವು ಉತ್ತರಗಳಲ್ಲಿ ಈ ಅಪಾಯ ಮತ್ತೆ ಎದುರಾಗುತ್ತದೆ.

ನಾನು ಹೊಸಬ. ಮೊದಲ ದೋಣಿಯೇ ಕ್ಯಾಟಮರಾನ್ ಆಗಬಹುದೇ, ಇಲ್ಲ ಮೋನೋ (ಒಂದೇ ಒಡಲಿನ ದೋಣಿ) ತೆಗೆದುಕೊಳ್ಳಬೇಕೇ?

ನಿಮ್ಮ ಅನುಭವಕ್ಕಿಂತ ನಿಮ್ಮ ಊರಿನ ನೀರು ಇದನ್ನು ತೀರ್ಮಾನಿಸಬೇಕು. ಮರಗಳ ಮರೆಯಲ್ಲಿರುವ, ಬೆಳಗಿನ ಹೊತ್ತು ಅಲೆಯಿಲ್ಲದ ಕೆರೆ ಹತ್ತಿರದಲ್ಲಿದ್ದರೆ ಕ್ಯಾಟಮರಾನ್ ಹೊಸಬರಿಗೂ ಒಗ್ಗುತ್ತದೆ, ಏಕೆಂದರೆ ಅಗಲವಾದ ನಿಲುವಿನಿಂದಾಗಿ ಅದು ಅಕ್ಕಪಕ್ಕ ಹೊಯ್ದಾಡುವುದು ಕಡಿಮೆ, ತಿರುವಿನಲ್ಲೂ ಚಪ್ಪಟೆಯಾಗಿಯೇ ತಿರುಗುತ್ತದೆ. ಬಯಲುಸೀಮೆಯ ದೊಡ್ಡ ಕೆರೆಗಳಂತೆ ಮಧ್ಯಾಹ್ನದ ಗಾಳಿಗೆ ಅಲೆ ಏಳುವ ಕಡೆ, ಆಳವಾದ ವಿ ಆಕಾರದ ತಳವಿರುವ ಮೋನೋ ವಾಸಿ. ಇನ್ನೊಂದು ವ್ಯತ್ಯಾಸವೂ ಇದೆ: ಕೆಲವು ಮೋನೋಗಳು ಮಗುಚಿದರೂ ಒಂದು ಬದಿಗೆ ನೀರು ತುಂಬಿಕೊಂಡು ತಾವಾಗಿಯೇ ನೆಟ್ಟಗಾಗುವಂತೆ ರೂಪಿತವಾಗಿರುತ್ತವೆ. ಕ್ಯಾಟಮರಾನ್ ಸಾಮಾನ್ಯವಾಗಿ ಮಗುಚಿದಂತೆಯೇ ತೇಲುತ್ತಿರುತ್ತದೆ. ಅದನ್ನು ದಡಕ್ಕೆ ತರುವ ದಾರಿಯನ್ನು ಮೊದಲೇ ಯೋಚಿಸಿರಬೇಕು.

ಎಷ್ಟು ಉದ್ದದ್ದು ತೆಗೆದುಕೊಳ್ಳಲಿ?

ಸಣ್ಣ ಕೊಳಕ್ಕೆ 60–70 ಸೆಂ.ಮೀ. ಸಾಕು. ಆದರೆ ಅಲೆಯ ಎತ್ತರ ದೋಣಿಗೆ ತಕ್ಕಂತೆ ಕುಗ್ಗುವುದಿಲ್ಲವಾದ್ದರಿಂದ, ಸಣ್ಣ ದೋಣಿಯನ್ನು ಕುಣಿಸುವ ತೆರೆಯ ಮೇಲೆ 90 ಸೆಂ.ಮೀ.ಯ ದೋಣಿ ನೆಟ್ಟಗೆ ಹೋಗುತ್ತದೆ. ಟ್ರಾಕ್ಸಸ್‌ನ ಡಿಸಿಬಿ ಎಂ41 ಇದಕ್ಕೆ ಒಂದು ಪರಿಚಿತ ಉದಾಹರಣೆ: 40 ಇಂಚು, ಅಂದರೆ 1 ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, 6 ಸೆಲ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ದೊಡ್ಡದಾದಷ್ಟೂ ಬ್ಯಾಟರಿಯ ಖರ್ಚು ಏರುತ್ತದೆ. ಒಡಲಿನ ಬೆಲೆ ನೋಡಿ ಕೊಂಡು, ಆಮೇಲೆ ಬ್ಯಾಟರಿಯ ಬೆಲೆ ಕೇಳಿ ಹಣೆ ಚಚ್ಚಿಕೊಳ್ಳುವವರೇ ಹೆಚ್ಚು.

ಎಬಿಎಸ್, ಫೈಬರ್‌ಗ್ಲಾಸ್, ಕಾರ್ಬನ್. ಇವುಗಳಲ್ಲಿ ಯಾವುದು ಒಳ್ಳೆಯದು?

ಎಬಿಎಸ್ ಪ್ಲಾಸ್ಟಿಕ್ ಅಗ್ಗ. ಪೆಟ್ಟು ತಿಂದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಆದರೆ ಆ ಬಾಗುವ ಗುಣವೇ ಹೆಚ್ಚಿನ ವೇಗದಲ್ಲಿ ಶತ್ರುವಾಗುತ್ತದೆ. ಫೈಬರ್‌ಗ್ಲಾಸ್ (ಮುಂದೆ ಬರಿ ಗ್ಲಾಸ್) ಬಿಗಿಯಾಗಿದೆ, ರಿಪೇರಿ ಸುಲಭ, ಒಳಗಿನಿಂದ ಪದರ ಸೇರಿಸುತ್ತಾ ಹೋಗಬಹುದು. ಹೆಚ್ಚಿನವರಿಗೆ ನನ್ನ ಶಿಫಾರಸು ಇದೇ. ಕಾರ್ಬನ್ ಅದೇ ತೂಕದಲ್ಲಿ ಇನ್ನೂ ಬಿಗಿ, ಆದರೆ ಬಾಗದೆ ಒಮ್ಮೆಲೇ ಮುರಿಯುತ್ತದೆ, ರೇಡಿಯೋ ಅಲೆಗಳನ್ನೂ ತಡೆಯುತ್ತದೆ. ಕೆವ್ಲಾರ್ ಸುಲಭಕ್ಕೆ ಹರಿಯುವುದಿಲ್ಲವಾದರೂ ಸ್ಯಾಂಡ್‌ಪೇಪರ್ ತಾಗಿದೊಡನೆ ನಾರು ನಾರಾಗಿ ಏಳುವುದರಿಂದ ಮನೆಯಲ್ಲಿ ಕೆಲಸ ಮಾಡುವವರಿಗೆ ಕಿರಿಕಿರಿ.

## ಕೊಳ್ಳುವ ಹೊತ್ತಿನ ಪ್ರಶ್ನೆಗಳು

ಹಲ್ ಕೈಗೆ ಬಂದಾಗ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಆದರೆ, ಏನೇನು ನೋಡಬೇಕು?

ಮೊದಲು ಅದನ್ನು ಸಮತಟ್ಟಾದ ಮೇಲ್ಮೈಯ ಮೇಲೆ ಇಡಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎರಡೂ ಸ್ಪಾನ್ಸನ್‌ಗಳ ಹಿಂಭಾಗ ಏಕಕಾಲಕ್ಕೆ ಕಲ್ಲಿಗೆ ಕೂರಬೇಕು. ಒಂದು ಮೂಲೆಯನ್ನು ಒತ್ತಿದಾಗ ಇನ್ನೊಂದು ಎದ್ದರೆ ಅಚ್ಚಿನಿಂದ ತೆಗೆಯುವಾಗಲೋ, ಆಮೇಲೆ ಬಿಸಿಲಿಗೋ ಒಡಲು ತಿರುಚಿಕೊಂಡಿದೆ ಎಂದು ಅರ್ಥ. ಆ ತಿರುಚನ್ನು ಚುಕ್ಕಾಣಿಯ ಟ್ರಿಮ್‌ನಿಂದ, ಅಂದರೆ ರಿಮೋಟಿನ ಸಣ್ಣ ಹೊಂದಾಣಿಕೆಯಿಂದ, ಸರಿಪಡಿಸಲಾಗದು.

ಬಳಿಕ ಕತ್ತಲ ಕೋಣೆಯಲ್ಲಿ ಒಳಗಿನಿಂದ ಟಾರ್ಚ್ ಹಿಡಿದು ನೋಡಬೇಕು. ದಪ್ಪನೆಯ ಬಣ್ಣವಿಲ್ಲದ ಗ್ಲಾಸ್ ಒಡಲಾದರೆ ತೆಳುವಾದ ಜಾಗ ಹೆಚ್ಚು ಬೆಳಗುತ್ತದೆ, ಗಾಳಿಗುಳ್ಳೆಗಳು ಚುಕ್ಕೆಗಳಾಗಿ ಕಾಣುತ್ತವೆ. ಬಣ್ಣ ಹೊಡೆದ ಅಥವಾ ಕಾರ್ಬನ್ ಒಡಲಿಗೆ ಈ ಉಪಾಯ ನಡೆಯುವುದಿಲ್ಲವಾದ್ದರಿಂದ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಸಾಗಬೇಕು: ಗಟ್ಟಿಯಿರುವ ಕಡೆ ಟಣ್ ಎನ್ನುವ ಸದ್ದು, ಪದರ ಬಿಟ್ಟುಕೊಂಡ ಕಡೆ ಮಂಕಾದ ಡಬ್ ಎನ್ನುವ ಸದ್ದು.

ಕೊನೆಯದು ತಿರುಚುವ ಪರೀಕ್ಷೆ. ಒಂದು ಕೈಯಲ್ಲಿ ಬಲಗಡೆಯ ಮೂತಿಯನ್ನೂ ಇನ್ನೊಂದರಲ್ಲಿ ಎಡಗಡೆಯ ಹಿಂಬದಿಯನ್ನೂ ಹಿಡಿದು, ಬಟ್ಟೆ ಹಿಂಡುವಷ್ಟಲ್ಲದಿದ್ದರೂ ಸ್ವಲ್ಪ ಬಲವಾಗಿಯೇ ತಿರುಚಿ ನೋಡಿ. ಡೆಕ್ಕಿನ, ಅಂದರೆ ಒಡಲಿನ ಮೇಲ್ಭಾಗದ, ಮುಚ್ಚಳದ ಸುತ್ತ ಸಂದು ಬಾಯಿ ಬಿಟ್ಟರೆ, ಅಥವಾ ಡೆಕ್ ಮತ್ತು ತಳ ಸೇರುವ ಗೆರೆಯಲ್ಲಿ ಕಿರ್‍ರ್ ಎಂದರೆ, ಬಲವರ್ಧನೆ ಅಲ್ಲಿಂದಲೇ ಶುರುವಾಗಬೇಕು.

ಒಂದು ಮೋಟರೋ ಎರಡೋ ಎಂಬುದು ಹಲ್ ಆಯ್ಕೆಗೆ ಮುಖ್ಯವೇ?

ಮುಖ್ಯ. ಎರಡು ಮೋಟರುಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಪ್ರೊಪೆಲರ್‌ಗಳ ತಿರುಚುಬಲ ಒಂದನ್ನೊಂದು ಕಳೆದುಕೊಳ್ಳುತ್ತದೆ, ಆದರೆ ತೂಕ, ವೈರಿಂಗ್, ಸ್ಪೀಡ್ ಕಂಟ್ರೋಲರ್ ಎಲ್ಲವೂ ಇಮ್ಮಡಿ. ಒಂದೇ ಮೋಟರಾದರೆ ಶಾಫ್ಟ್ ಟನಲ್ಲಿನ ನಡುವೆ ಹೊರಬರುವುದರಿಂದ ಟನಲ್ ಚಾವಣಿಯೂ ಹಿಂಬದಿಯ ಹಲಗೆಯೂ ಅಲ್ಲಿ ಗಟ್ಟಿಯಾಗಿರಬೇಕು. ಇಕ್ಕಟ್ಟಾದ ಸ್ಪಾನ್ಸನ್ ಇರುವ ಒಡಲಿಗೆ ಎರಡು ಮೋಟರು ತುರುಕುವ ಯೋಚನೆ ಬೇಡ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಲು ಜಾಗವೇ ಉಳಿಯುವುದಿಲ್ಲ.

ಟನಲ್ ಅಗಲವಿದ್ದಷ್ಟೂ ವೇಗ ಹೆಚ್ಚೇ?

ಎತ್ತುವ ಬಲ ಹೆಚ್ಚು, ಅಷ್ಟೇ. ಭಾರವಾದ ದೋಣಿಗೆ ಅದು ವರ, ಹಗುರ ದೋಣಿಗೆ ಎದುರುಗಾಳಿ ಬೀಸಿದ ದಿನ ಶಾಪ.

## ಬಲಪಡಿಸುವ ಬಗ್ಗೆ

ಹೊಸ ಹಲ್‌ಗೂ ಬಲವರ್ಧನೆ ಬೇಕೇ?

ಕಂಪನಿ ಕೊಟ್ಟ ಮೋಟರು, ಕಂಪನಿ ಹೇಳಿದ ಬ್ಯಾಟರಿಯಲ್ಲೇ ಓಡಿಸುವುದಾದರೆ ಸಾಮಾನ್ಯವಾಗಿ ಬೇಡ. 4 ಸೆಲ್ ಬ್ಯಾಟರಿಗೆಂದು ರೂಪಿಸಿದ ಒಡಲಿಗೆ 6 ಸೆಲ್ ಹಾಕುವವರು ಮಾತ್ರ ಖಂಡಿತ ಯೋಚಿಸಬೇಕು, ಏಕೆಂದರೆ ನೀರು ಕೊಡುವ ಹೊಡೆತ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ: ವೇಗ ಒಂದೂವರೆ ಪಟ್ಟಾದರೆ ಹೊಡೆತ ಎರಡೂಕಾಲು ಪಟ್ಟು. ಬರಿಯ ಒಡಲು ಕೊಂಡು ತಾವೇ ಎಲ್ಲವನ್ನೂ ಜೋಡಿಸುವವರು, ಮೋಟರ್ ಮೌಂಟ್ ಕೂರಿಸುವ ಮೊದಲೇ ಒಳಗಿನ ಪದರಗಳ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಎಲ್ಲೆಲ್ಲಿ ಬಲಪಡಿಸಬೇಕು? ಒಳಗೆಲ್ಲ ಒಂದು ಪದರ ಹಾಕಿಬಿಟ್ಟರೆ ಆಯಿತಲ್ಲವೇ?

ಎಲ್ಲೆಡೆ ಹಾಕಿದರೆ ತೂಕ ಎಲ್ಲೆಡೆ ಏರುತ್ತದೆ, ಬಿಗಿತ ಮಾತ್ರ ಬೇಕಾದ ಕಡೆ ಸಾಲದೇ ಹೋಗುತ್ತದೆ. ಬಲ ಎಲ್ಲಿ ಒಡಲಿನೊಳಗೆ ಪ್ರವೇಶಿಸುತ್ತದೆ, ಎಲ್ಲಿ ತಿರುವು ಪಡೆಯುತ್ತದೆ ಎಂದು ಹುಡುಕಿ ಅಲ್ಲಿಗೆ ಪದರ ಕೊಡಬೇಕು.

ಮೊದಲ ಜಾಗ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಂ. ಪ್ರೊಪೆಲರ್ ಶಾಫ್ಟನ್ನು ಹಿಡಿಯುವ ಸ್ಟ್ರಟ್, ಚುಕ್ಕಾಣಿ, ತಿರುವಿನಲ್ಲಿ ದೋಣಿ ಜಾರದಂತೆ ಹಿಡಿಯುವ ಫಿನ್ ಎಲ್ಲವೂ ಅಲ್ಲೇ ಸ್ಕ್ರೂಗಳ ಮೇಲೆ ನೇತಾಡುತ್ತವೆ. ತಿರುವಿನಲ್ಲಿ ನೀರು ಅವುಗಳನ್ನು ಸನ್ನೆಗೋಲಿನಂತೆ ಮೀಟುತ್ತದೆ. ಒಳಗಡೆ 3 ಮಿ.ಮೀ. ಬರ್ಚ್ ಪ್ಲೈವುಡ್ ತುಂಡನ್ನು ಎಪಾಕ್ಸಿಯಿಂದ (ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ರೆಸಿನ್) ಅಂಟಿಸಿ, ಅದರ ಮೇಲೆ ಎರಡು ಪದರ ಗ್ಲಾಸ್ ಬಟ್ಟೆಯನ್ನು ಪಕ್ಕದ ಗೋಡೆಗಳವರೆಗೂ ಹತ್ತಿಸಬೇಕು. ಸ್ಕ್ರೂ ತೂತುಗಳನ್ನು ಒಮ್ಮೆ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಸಣ್ಣದಾಗಿ ಕೊರೆದರೆ ಪ್ಲೈವುಡ್ಡಿಗೆ ನೀರು ಇಳಿಯುವುದಿಲ್ಲ.

ಎರಡನೆಯದು ಟನಲ್ ಚಾವಣಿ ಮತ್ತು ಸ್ಪಾನ್ಸನ್ ಸೇರುವ ಉದ್ದನೆಯ ಮೂಲೆ. ಎರಡು ಸ್ಪಾನ್ಸನ್‌ಗಳು ಬೇರೆ ಬೇರೆ ಅಲೆಗೆ ತಾಗುವಾಗ ಇಡೀ ತಿರುಚು ಈ ಮೂಲೆಯ ಮೂಲಕವೇ ಹಾಯುತ್ತದೆ. ರೆಸಿನ್‌ಗೆ ಕಾಟನ್ ಫ್ಲಾಕ್ (ಪುಡಿಯಂಥ ಹತ್ತಿ ನಾರು) ಬೆರೆಸಿ ಮೂಲೆಯನ್ನು ದುಂಡಗೆ ತುಂಬಿ, ಅದರ ಮೇಲೆ ನೂಲುಗಳು 45 ಡಿಗ್ರಿ ಓರೆಯಾಗಿ ಬರುವಂತೆ ಕತ್ತರಿಸಿದ ಬಟ್ಟೆಯನ್ನು ಹಾಸಬೇಕು. ತಿರುಚನ್ನು ತಡೆಯುವುದು ಓರೆ ನೂಲು; ಉದ್ದುದ್ದ ಹಾಸಿದ ನೂಲು ಬಾಗುವುದನ್ನು ಮಾತ್ರ ತಡೆಯುತ್ತದೆ. ಮೈಕ್ರೋಬಲೂನ್ ಪುಡಿ (ಅತಿ ಸಣ್ಣ ಟೊಳ್ಳು ಗುಂಡುಗಳು) ಹಗುರವೆಂದು ಕೆಲವರು ಇಲ್ಲಿ ತುಂಬುತ್ತಾರೆ, ಆದರೆ ಅದು ಮೇಲ್ಮೈ ನುಣುಪಾಗಿಸಲು ತಕ್ಕದ್ದೇ ಹೊರತು ಬಲ ಹೊರಲು ತಕ್ಕದ್ದಲ್ಲ.

ಮೂರನೆಯದು ಮುಚ್ಚಳದ ಬಾಯಿ. ಮುಚ್ಚಳ ತೆಗೆದ ಶೂ ಡಬ್ಬಿಯನ್ನು ಎಷ್ಟು ಸುಲಭವಾಗಿ ತಿರುಚಬಹುದೋ, ಡೆಕ್ಕಿನಲ್ಲಿ ದೊಡ್ಡ ಕಿಂಡಿ ಕೊರೆದ ಒಡಲನ್ನೂ ಅಷ್ಟೇ ಸುಲಭವಾಗಿ ನೀರು ತಿರುಚುತ್ತದೆ. ಕಿಂಡಿಯ ಅಂಚಿನ ಕೆಳಗೆ ಸುತ್ತಲೂ ಕಾರ್ಬನ್ ನೂಲಿನ ಎಳೆ ಓಡಿಸುವುದು, ಕಿಂಡಿಯ ಹಿಂದೆ ಮುಂದೆ ಒಂದೊಂದು ತೆಳುವಾದ ಅಡ್ಡಗೋಡೆ ನಿಲ್ಲಿಸುವುದು—ಖರ್ಚು ತೀರಾ ಕಡಿಮೆ, ಫಲ ಬಹಳ.

ಮೋಟರ್ ಮೌಂಟಿನ ಅಡಿಪಾಯ, ಡೆಕ್ ಮತ್ತು ತಳ ಕೂಡುವ ಗೆರೆ, ಸ್ಪಾನ್ಸನ್‌ಗಳ ಮೂತಿ ಇವು ಉಳಿದವು. ಕೂಡುಗೆರೆಗೆ ಒಳಗಿನಿಂದ 25–50 ಮಿ.ಮೀ. ಅಗಲದ ಗ್ಲಾಸ್ ಟೇಪ್ ಸಾಕು.

ಎಪಾಕ್ಸಿಯೋ ಪಾಲಿಯೆಸ್ಟರೋ? ನೀರಿನ ಟ್ಯಾಂಕ್ ಮಾಡುವ ಫೈಬರ್ ಅಂಗಡಿಯಲ್ಲಿ ಸಿಗುವ ರೆಸಿನ್ ಸಾಕಲ್ಲವೇ?

ಅಲ್ಲಿ ಸಿಗುವುದು ಸಾಮಾನ್ಯವಾಗಿ ಪಾಲಿಯೆಸ್ಟರ್. ಹೊಸ ಅಚ್ಚಿನಲ್ಲಿ ಇಡೀ ಒಡಲನ್ನು ಎರಕ ಹಾಕಲು ಅದು ಸರಿ. ಈಗಾಗಲೇ ಒಣಗಿ ಗಟ್ಟಿಯಾದ ಒಡಲಿಗೆ ಹೊಸ ಪದರ ಅಂಟಿಸಲು ಎಪಾಕ್ಸಿಯೇ ಬೇಕು: ಒಣಗಿದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಒಣಗಿದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಪಾಲಿಯೆಸ್ಟರ್ ಒಣಗುವಾಗ ಹೆಚ್ಚು ಕುಗ್ಗುವುದರಿಂದ ತೆಳುವಾದ ತಳವನ್ನು ಎಳೆದು ಸೊಟ್ಟಗೂ ಮಾಡಬಲ್ಲದು.

ನಮ್ಮಲ್ಲಿ ಲ್ಯಾಪಾಕ್ಸ್ ಎಲ್-12 ರೆಸಿನ್ ಜೊತೆ ಕೆ-6 ಹಾರ್ಡನರ್, ಅಥವಾ ಅರಾಲ್ಡೈಟ್ ಎಲ್‌ವೈ 556 ಜೊತೆ ಎಚ್‌ವೈ 951 ಬಳಕೆಯಲ್ಲಿವೆ. ಎರಡಕ್ಕೂ ರೂಢಿಯ ಪ್ರಮಾಣ ತೂಕದಲ್ಲಿ 100ಕ್ಕೆ 10. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ, 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಒಮ್ಮೆಗೆ 30–40 ಗ್ರಾಂಗಿಂತ ಹೆಚ್ಚು ಕಲಸಿ ಬಟ್ಟಲಲ್ಲೇ ಬಿಟ್ಟರೆ ತಾನೇ ಬಿಸಿಯೇರಿ ಹೊಗೆಯಾಡಬಹುದು. ಪಾಲಿಯೆಸ್ಟರ್ ಬಳಸುವವರು ಒಂದು ವಿಷಯವನ್ನು ಮರೆಯಲೇಬಾರದು: ರೆಸಿನ್ ಬೇಗ ಗಟ್ಟಿಯಾಗಿಸುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಎಂಇಕೆಪಿ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವೇ ಆಗಬಹುದು. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಯಾವ ಬಟ್ಟೆ, ಎಷ್ಟು ಪದರ? ತೂಕ ಎಷ್ಟು ಏರುತ್ತದೆ?

ನೇಯ್ದ ಗ್ಲಾಸ್ ಬಟ್ಟೆ, ಚದರ ಮೀಟರಿಗೆ 160–200 ಗ್ರಾಂ ತೂಗುವಂಥದ್ದು, ಹೆಚ್ಚಿನ ಕೆಲಸಕ್ಕೆ ಸರಿ. ಚೂರು ನಾರಿನ ಮ್ಯಾಟ್ ಬೇಡ. ಅದರ ನಾರುಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ ಕರಗುವಂತೆ ಮಾಡಿದ್ದು, ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ, ಜೊತೆಗೆ ಅದು ವಿಪರೀತ ರೆಸಿನ್ ಕುಡಿಯುತ್ತದೆ.

ಕೈಯಿಂದ ಹಚ್ಚಿದಾಗ ಬಟ್ಟೆಯ ತೂಕದಷ್ಟೇ ರೆಸಿನ್ ಹಿಡಿದರೆ ಅದು ಒಳ್ಳೆಯ ಕೆಲಸ. ಒಳಮೈ ಒಟ್ಟು ಅರ್ಧ ಚದರ ಮೀಟರ್ ಇದ್ದು 200 ಗ್ರಾಂ ಬಟ್ಟೆ ಎಲ್ಲೆಡೆ ಹಾಸಿದರೆ, 100 ಗ್ರಾಂ ಬಟ್ಟೆ, 100 ಗ್ರಾಂ ರೆಸಿನ್, ಹೀಗೆ ಒಂದೇ ಪದರಕ್ಕೆ 200 ಗ್ರಾಂ. ಮೇಲೆ ಹೇಳಿದ ಜಾಗಗಳಿಗೆ ಮಾತ್ರ, ಸುಮಾರು 0.12 ಚದರ ಮೀಟರ್, ಎರಡು ಪದರ ಹಾಕಿದರೂ 100 ಗ್ರಾಂ ದಾಟುವುದಿಲ್ಲ. ಹಚ್ಚುವ ಮೊದಲು ಒಳಮೈಯನ್ನು 80 ನಂಬರ್ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವವರೆಗೂ ಉಜ್ಜಿ, ಅಸಿಟೋನ್ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಮಾಡಿದ ಖರ್ಚೆಲ್ಲ ಈ ಒಂದು ಹೆಜ್ಜೆಯ ಮೇಲೆ ನಿಂತಿದೆ. ನೈಟ್ರೈಲ್ ಕೈಗವಸು ಇಲ್ಲದೆ ಎಪಾಕ್ಸಿ ಮುಟ್ಟಬೇಡಿ. ಅದರ ಅಲರ್ಜಿ ಒಮ್ಮೆ ಅಂಟಿಕೊಂಡರೆ ಬಿಡುವುದು ಕಷ್ಟ. ಗ್ಲಾಸ್ ಧೂಳಿಗೆ ಮಾಸ್ಕ್ ಕಡ್ಡಾಯ.

ಮೂತಿಯ ಒಳಗೆ ಕೈಯೇ ಹೋಗುವುದಿಲ್ಲ. ಅಲ್ಲಿಗೆ ಬಟ್ಟೆ ಹಾಸುವುದು ಹೇಗೆ?

ಬಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಅಲ್ಲೇ ರೆಸಿನ್‌ನಲ್ಲಿ ತೋಯಿಸಿ, ಹಾಳೆ ಸಮೇತ ಸುರುಳಿ ಸುತ್ತಿ ಉದ್ದನೆಯ ಕಡ್ಡಿಯಿಂದ ಒಳಗೆ ತಳ್ಳಿ, ಬಿಡಿಸಿ, ಕೊನೆಗೆ ಹಾಳೆಯನ್ನು ಎಳೆದುಕೊಳ್ಳಬೇಕು. ನಂತರ ಉದ್ದನೆಯ ಬಲೂನನ್ನು ಒಳಗಿಟ್ಟು ಊದಿದರೆ ಅದು ಬಟ್ಟೆಯನ್ನು ಎಲ್ಲ ಬದಿಗೂ ಒತ್ತಿ ಹಿಡಿಯುತ್ತದೆ. ಮೆಲ್ಲಗೆ ಊದಬೇಕು. ತೆಳುವಾದ ಮೂತಿ ಉಬ್ಬಿಕೊಂಡು ಹಾಗೆಯೇ ಒಣಗಿದರೆ ಆಕಾರವೇ ಕೆಟ್ಟಂತೆ.

ಮಳೆಗಾಲದಲ್ಲಿ ಹಚ್ಚಿದ ಎಪಾಕ್ಸಿ ಅಂಟಂಟಾಗಿಯೇ ಉಳಿದಿದೆ. ಮುಂದಿನ ಸಲ ಹಾರ್ಡನರ್ ಜಾಸ್ತಿ ಹಾಕಲೇ?

ಬೇಡ. ಪಾಲಿಯೆಸ್ಟರಿಗೆ ಹಾರ್ಡನರ್ ಹೆಚ್ಚಿಸಿದರೆ ಬೇಗ ಒಣಗುತ್ತದೆ. ಎಪಾಕ್ಸಿಯಲ್ಲಿ ಹಾರ್ಡನರೂ ರೆಸಿನ್ ಜೊತೆ ಲೆಕ್ಕಕ್ಕೆ ಸರಿಯಾಗಿ ಕೂಡಿಕೊಳ್ಳುವ ಪಾಲುದಾರ, ಹೆಚ್ಚಾದದ್ದು ಮೆತ್ತಗೆ ಹಾಗೆಯೇ ಉಳಿಯುತ್ತದೆ. ಮಲೆನಾಡು, ಕರಾವಳಿಯ ಜೂನ್–ಜುಲೈ ತೇವಕ್ಕೆ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಬರುವುದು ಸಹಜ. ಅದನ್ನು ಅಸಿಟೋನ್‌ನಿಂದ ಒರೆಸದೆ ನೀರು ಹಾಕಿ ಸ್ಕ್ರಬ್ಬರಿನಿಂದ ತಿಕ್ಕಿ ತೊಳೆದು, ಒಣಗಿಸಿ, ಉಜ್ಜಿದ ಮೇಲೆಯೇ ಮುಂದಿನ ಪದರ. ಒಳಗಿನವರೆಗೂ ಮೆತ್ತಗಿದ್ದರೆ ಮಾತ್ರ ಪ್ರಮಾಣ ತಪ್ಪಿದೆ ಎಂದರ್ಥ. ಕೆರೆದು ತೆಗೆಯುವುದೊಂದೇ ದಾರಿ.

ಎಬಿಎಸ್ ಹಲ್ ಬಿರುಕು ಬಿಟ್ಟಿದೆ. ಫೆವಿಕ್ವಿಕ್ ಅಥವಾ ಎಂ-ಸೀಲ್ ನಡೆಯುತ್ತದೆಯೇ?

ಆ ದಿನ ಮನೆಗೆ ತಲುಪಲು ನಡೆಯುತ್ತದೆ. ಶಾಶ್ವತ ರಿಪೇರಿಗೆ ಬಿರುಕಿನ ಎರಡೂ ತುದಿಗೆ 2 ಮಿ.ಮೀ. ತೂತು ಕೊರೆದು ಅದು ಮುಂದೆ ಓಡುವುದನ್ನು ನಿಲ್ಲಿಸಿ, ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿದ ಗಂಜಿಯನ್ನು ಒಳಗಿನಿಂದ ತುಂಬಿ, ಮೇಲೊಂದು ಎಬಿಎಸ್ ತುಂಡನ್ನೇ ಅಂಟಿಸಬೇಕು. ಅಸಿಟೋನ್ ಅತಿಯಾದರೆ ಹೊರಮೈಯೂ ಕರಗುತ್ತದೆ. ಎಪಾಕ್ಸಿ ಮತ್ತು ಗ್ಲಾಸ್ ಪದರ ಎಬಿಎಸ್‌ಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಒರಟಾಗಿ ಉಜ್ಜಿದ್ದರೂ ಪ್ಲಾಸ್ಟಿಕ್ ಬಾಗಿ ಬಾಗಿ ಒಂದು ದಿನ ಪದರ ಸಿಪ್ಪೆಯಂತೆ ಏಳುತ್ತದೆ.

## ಮುಂದುವರಿದವರ ಪ್ರಶ್ನೆಗಳು

ಎರಡು ಪದರ ಹಾಕಿದರೂ ಟನಲ್ ಚಾವಣಿ ಹೆಬ್ಬೆರಳಿಗೆ ಬಾಗುತ್ತದೆ. ಮೂರನೆಯದು ಹಾಕಲೇ?

ದಪ್ಪ ಬೇಕು, ತೂಕ ಬೇಡ. ಹಲಗೆಯ ದಪ್ಪ ಇಮ್ಮಡಿಯಾದರೆ ಬಾಗುವಿಕೆಯ ವಿರುದ್ಧ ಅದರ ಬಿಗಿತ ಎಂಟು ಪಟ್ಟಾಗುತ್ತದೆ. ಚಾವಣಿಯ ಮೇಲ್ಬದಿಗೆ 3 ಮಿ.ಮೀ. ಬಾಲ್ಸಾ ಮರವನ್ನು, ಅದರ ನಾರು ಒಂದು ಸ್ಪಾನ್ಸನ್‌ನಿಂದ ಇನ್ನೊಂದರ ಕಡೆಗೆ ಅಡ್ಡಲಾಗಿ ಬರುವಂತೆ ಅಂಟಿಸಿ, ಅದರ ಮೇಲೆ 80–100 ಗ್ರಾಂನ ತೆಳುವಾದ ಒಂದೇ ಪದರ ಮುಚ್ಚಿದರೆ, ಮೂರು ಪದರ ಗ್ಲಾಸಿಗಿಂತ ಹಗುರವೂ ಬಿಗಿಯೂ ಆದ ಚಾವಣಿ ಸಿಗುತ್ತದೆ. ಬಾಲ್ಸಾದ ಅಂಚುಗಳನ್ನು ಓರೆಯಾಗಿ ಕೆತ್ತಿ, ಎಪಾಕ್ಸಿಯಿಂದ ಪೂರ್ತಿ ಮುಚ್ಚಬೇಕು. ನೀರು ಕುಡಿದ ಬಾಲ್ಸಾ ಕೊಳೆತು ಹೋಗುತ್ತದೆ.

ಹಳೆಯ ಬಿರುಕು ಹೋಯಿತು, ಈಗ ಪ್ಯಾಚಿನ ಅಂಚಿನಲ್ಲೇ ಹೊಸ ಬಿರುಕು. ಏಕೆ?

ಬಿಗಿಯಾದ ಜಾಗ ಥಟ್ಟನೆ ಮುಗಿದು ಮೆತ್ತನೆಯ ಜಾಗ ಶುರುವಾಗುವ ಗೆರೆಯಲ್ಲಿ ಎಲ್ಲ ಒತ್ತಡವೂ ಸೇರಿಕೊಳ್ಳುತ್ತದೆ. ಪ್ರತಿ ಪದರವೂ ಅದರ ಕೆಳಗಿನದಕ್ಕಿಂತ 10–15 ಮಿ.ಮೀ. ಚಿಕ್ಕದಾಗಿ ಮೆಟ್ಟಿಲಾಗಿ ಇಳಿಯಲಿ, ಪ್ಯಾಚಿನ ಮೂಲೆಗಳು ದುಂಡಗಿರಲಿ, ಅಡ್ಡಗೋಡೆಗಳು ತಳಕ್ಕೆ ನೇರವಾಗಿ ಚುಚ್ಚದೆ ಅಗಲವಾದ ದುಂಡು ಮೂಲೆಯ ಮೇಲೆ ಕೂರಲಿ.

ಕಾರ್ಬನ್ ಹಾಕಿದ ಮೇಲೆ ರಿಮೋಟ್ ರೇಂಜ್ ಕಡಿಮೆಯಾಗಿದೆ. ಸಂಬಂಧವಿದೆಯೇ?

ಇದೆ. ಕಾರ್ಬನ್ ವಿದ್ಯುತ್ ವಾಹಕ, 2.4 ಗಿಗಾಹರ್ಟ್ಸ್ ಅಲೆಯನ್ನು ತಡೆಯುತ್ತದೆ. ರಿಸೀವರ್ ಆಂಟೆನಾದ ತುದಿಯ ಸುಮಾರು 31 ಮಿ.ಮೀ. ಬರಿ ತಂತಿಯೇ ಕೆಲಸ ಮಾಡುವ ಭಾಗ. ಅದನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ಡೆಕ್ಕಿನ ಮೇಲಕ್ಕೆ ತಂದರೆ ಸಾಕು. ಕರಾವಳಿಯ ಉಪ್ಪು ಹಿನ್ನೀರಿನಲ್ಲಿ ಓಡಿಸುವವರಿಗೆ ಇನ್ನೊಂದು ತೊಂದರೆಯಿದೆ: ಕಾರ್ಬನ್‌ಗೆ ನೇರವಾಗಿ ತಾಗಿದ ಅಲ್ಯೂಮಿನಿಯಂ ಮೌಂಟು ಬೇಗ ತಿಂದುಹೋಗುತ್ತದೆ. ನಡುವೆ ಒಂದು ಪದರ ಗ್ಲಾಸ್ ಇರಲಿ.

ಮುಳುಗದಂತೆ ಸ್ಪಾನ್ಸನ್ ಒಳಗೆ ಥರ್ಮೋಕೋಲ್ ತುಂಬಬಹುದೇ?

ಎಪಾಕ್ಸಿ ಬಳಸಿದ್ದರೆ ತುಂಬಬಹುದು. ಪಾಲಿಯೆಸ್ಟರ್ ರೆಸಿನ್, ಅಸಿಟೋನ್, ಫೆವಿಕ್ವಿಕ್ ಇವು ಮೂರೂ ಥರ್ಮೋಕೋಲನ್ನು ಕರಗಿಸಿಬಿಡುತ್ತವೆ. ಒಂದು ಲೀಟರ್ ಜಾಗ ನೀರು ಹೊಗದಂತೆ ಉಳಿದರೆ ಸುಮಾರು ಒಂದು ಕಿಲೋ ತೂಕವನ್ನು ಅದು ಎತ್ತಿ ಹಿಡಿಯುತ್ತದೆ; 3 ಕಿಲೋ ದೋಣಿಗೆ ಎರಡು ಬದಿ ಸೇರಿ 3 ಲೀಟರ್ ಎಂದಿಟ್ಟುಕೊಂಡರೆ ನಿಶ್ಚಿಂತೆ.

ಬಲಪಡಿಸಿದ ಮೇಲೆ ದೋಣಿ ಮೊದಲಿನಂತೆ ಏಳುತ್ತಿಲ್ಲ. ಏನಾಯಿತು?

ಹೆಚ್ಚಾಗಿ ತೂಕಕ್ಕಿಂತ ತೂಕದ ಜಾಗ ಕಾರಣ. ಕ್ಯಾಟಮರಾನ್‌ನ ಗುರುತ್ವ ಕೇಂದ್ರವನ್ನು ಹಿಂಬದಿಯಿಂದ ಅಳೆದು ಒಡಲಿನ ಉದ್ದದ ಸುಮಾರು 30 ಪ್ರತಿಶತದಲ್ಲಿ ಇಟ್ಟು ಶುರುಮಾಡುವುದು ರೂಢಿ. 95 ಸೆಂ.ಮೀ. ಉದ್ದ, 3,000 ಗ್ರಾಂ ತೂಕದ ದೋಣಿಯ ಕೇಂದ್ರ 28 ಸೆಂ.ಮೀ.ನಲ್ಲಿತ್ತು ಎನ್ನಿ, ಮೂತಿಯಲ್ಲಿ, ಹಿಂಬದಿಯಿಂದ 80 ಸೆಂ.ಮೀ. ದೂರದಲ್ಲಿ, ಬರಿ 60 ಗ್ರಾಂ ಸೇರಿಸಿದರೂ ಅದು 29 ಸೆಂ.ಮೀ.ಗೆ ಸರಿಯುತ್ತದೆ. ಅಷ್ಟಕ್ಕೇ ಮೂತಿ ನೀರಿಗೆ ಅಂಟಿಕೊಳ್ಳಬಹುದು. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ಆದರೆ ಒಮ್ಮೆಗೆ 5 ಮಿ.ಮೀ.ಗಿಂತ ಹೆಚ್ಚು ಬೇಡ, ಏಕೆಂದರೆ ತೀರಾ ಹಿಂದೆ ಹೋದರೆ ಮೊದಲ ಉತ್ತರದಲ್ಲಿ ಹೇಳಿದ ಮಗುಚುವಿಕೆ ಕಾದಿರುತ್ತದೆ.

ತಳದ ಅಂಚುಗಳನ್ನು ಚೂಪು ಮಾಡಬೇಕೆನ್ನುತ್ತಾರೆ. ಅಷ್ಟು ಸೂಕ್ಷ್ಮ ಬೇಕೇ?

ಗಂಟೆಗೆ 50 ಕಿ.ಮೀ. ಒಳಗೆ ಓಡಿಸುವವರು ಇದನ್ನು ಬಿಟ್ಟುಬಿಡಬಹುದು. ಅದಕ್ಕಿಂತ ಮೇಲಕ್ಕೆ ಹೋಗುವವರಿಗೆ ಬೇಕು. ಅಚ್ಚಿನಿಂದ ಬಂದ ಒಡಲಿನ ಹಿಂಬದಿಯ ಅಂಚು ದುಂಡಗಿದ್ದರೆ ನೀರು ಅದನ್ನು ಬಿಟ್ಟು ಹೋಗದೆ ಸುತ್ತಿಕೊಂಡು ಮೇಲೇರಿ, ದೋಣಿಯನ್ನು ಕೆಳಕ್ಕೆ ಎಳೆಯುತ್ತದೆ. ಅಂಚಿಗೆ ಟೇಪಿನ ತಡೆ ಕಟ್ಟಿ, ಅರೆದ ಗ್ಲಾಸ್ ನಾರು ಬೆರೆಸಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮರದ ತುಂಡಿಗೆ ಸುತ್ತಿದ 400 ನಂಬರ್ ಸ್ಯಾಂಡ್‌ಪೇಪರಿನಿಂದ ಮೂಲೆ ಚೂಪಾಗುವವರೆಗೆ ಉಜ್ಜಬೇಕು.

ಅದಕ್ಕೂ ಮೊದಲು ಸ್ಟೀಲ್ ಸ್ಕೇಲನ್ನು ತಳದ ಹಿಂದಿನ ಮೂರನೇ ಒಂದು ಭಾಗಕ್ಕೆ ಉದ್ದುದ್ದ ಹಿಡಿದು ಬೆಳಕಿಗೆ ಎದುರಾಗಿ ನೋಡಿ. ಸ್ಕೇಲಿನ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ, ಅದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಎರಡು ತುದಿಯಲ್ಲಿ ಬೆಳಕು ಕಂಡರೆ ತಳ ಹೊರಕ್ಕೆ ಉಬ್ಬಿದೆ, ದೋಣಿ ಓಡುವಾಗ ಮೂತಿ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಒಳಕ್ಕೆ ಬಾಗಿದ್ದನ್ನು ತುಂಬಿ, ಉಬ್ಬಿದ್ದನ್ನು ಉಜ್ಜಿ ನೇರ ಮಾಡುವುದು ಸಾಧ್ಯ. ಆದರೆ ಉಜ್ಜುವ ಮುನ್ನ ಒಳಗಡೆ ಒಂದು ಪದರ ಹೆಚ್ಚಿಗೆ ಹಾಕಿ, ಆ ಪದರ ಒಣಗುವವರೆಗೂ ಒಡಲನ್ನು ಸಮತಟ್ಟಾದ ಹಲಗೆಗೆ ಕ್ಲಾಂಪ್ ಮಾಡಿಡಿ. ಮೂಲ ತಳ ಎಷ್ಟು ತೆಳುವಾಗಿದೆ ಎಂಬುದು ಸ್ಯಾಂಡ್‌ಪೇಪರ್ ಆಚೆ ಬದಿಗೆ ತೂರಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.